ಹಿಂಬದಿಯಿಂದ ಅಂಚಿನ ಗೆರೆಗೆ: ಸೈಯದ್ ನಯೀಮುದ್ದೀನ್

ಸೈಯದ್ ನಯೀಮುದ್ದೀನ್ 1944ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಫುಟ್‌ಬಾಲ್ ರಕ್ಷಣಾ ಆಟಗಾರರು. ರಕ್ಷಣಾ ಆಟಗಾರನ ಹೆಸರು ಗೋಲುಪಟ್ಟಿಯಲ್ಲಿ ಅಪರೂಪ; ಎದುರಾಳಿ ಹೊಡೆಯಲಾಗದ ಗೋಲೇ ಅವನ ಗಳಿಕೆ. ಚೆಂಡು ಎಲ್ಲಿ ಬಂದೀತೆಂದು ಮೊದಲೇ ಊಹಿಸಿ ನಿಲ್ಲುವುದು ಆ ಕಸುಬಿನ ಮರ್ಮ. 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ನಯೀಮುದ್ದೀನ್ ನಾಯಕತ್ವದ ಭಾರತ ಕಂಚು ಗೆದ್ದಿತು. ಅಲ್ಲಿಂದೀಚೆಗೆ ಆ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ದೇಶಕ್ಕೆ ಪದಕ ದಕ್ಕಿಲ್ಲ. ಆ ವರ್ಷದ ಅರ್ಜುನ ಪ್ರಶಸ್ತಿಯೂ ಅವರದಾಯಿತು.

ಆಟ ಬಿಟ್ಟ ಮೇಲೆ ತರಬೇತಿ. ಹಿಂಬದಿಯಲ್ಲಿ ನಿಂತವನಿಗೆ ಇಡೀ ಮೈದಾನ ಕಣ್ಣೆದುರು ಇರುತ್ತದೆ; ತರಬೇತುದಾರನಿಗೂ ಬೇಕಾದದ್ದು ಆ ನೋಟವೇ. ಕೋಲ್ಕತ್ತದ ಈಸ್ಟ್ ಬೆಂಗಾಲ್, ಮೋಹನ್ ಬಾಗಾನ್ ತಂಡಗಳನ್ನು ತಿದ್ದಿದ ಅವರು ದೇಹದಾರ್ಢ್ಯ, ಶಿಸ್ತುಗಳ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಕೆಲವು ಆಟಗಾರರಿಗೆ ಅತಿಯೆನಿಸುವಷ್ಟು. 1990ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. 2005ರಲ್ಲಿ ಅವರ ತರಬೇತಿಯ ಭಾರತ ಕರಾಚಿಯಲ್ಲಿ ದಕ್ಷಿಣ ಏಷ್ಯಾ ಕಿರೀಟ ಗೆದ್ದಿತು.