ಕಚೇರಿ ಬರವಣಿಗೆಯ ಕಲಿಕೆಯಲ್ಲಿ ಎಐ: ಒಂದು ಪರಾಮರ್ಶೆ

ಕಚೇರಿಯ ಪತ್ರ, ವರದಿ, ಇಮೇಲ್‌ಗಳನ್ನು ಬರೆಯಲು ವಿದ್ಯಾರ್ಥಿಗಳಿಗೆ ಕಲಿಸುವಲ್ಲಿ ಜನರೇಟಿವ್ ಎಐ, ಅಂದರೆ ಕೋರಿಕೆಗೆ ತಕ್ಕ ಪಠ್ಯವನ್ನು ತಾನೇ ಹೆಣೆದುಕೊಡುವ ತಂತ್ರಾಂಶ, ಗಳಿಸಿರುವ ಖ್ಯಾತಿಗೆ ಆಧಾರವಾಗಿ ಪದೇ ಪದೇ ಮುಂದೊಡ್ಡಲಾಗುವುದು ಶಾಕೆಡ್ ನೋಯ್ ಮತ್ತು ವಿಟ್ನಿ ಝಾಂಗ್ 2023ರ ಜುಲೈನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ. 453 ಪದವೀಧರ ವೃತ್ತಿಪರರಿಗೆ ಬರವಣಿಗೆಯ ಕೆಲಸಗಳನ್ನು ಒಪ್ಪಿಸಿ, ಅವರಲ್ಲಿ ಅರ್ಧದಷ್ಟು ಜನರಿಗೆ ಚಾಟ್‌ಜಿಪಿಟಿಯನ್ನು ಒದಗಿಸಿದಾಗ ಸರಾಸರಿ ಸಮಯ ಶೇ. 40ರಷ್ಟು ಇಳಿದು, ಬರಹದ ಗುಣಮಟ್ಟ ಶೇ. 18ರಷ್ಟು ಏರಿತು. ಅಂಕಿಗಳ ಬಗ್ಗೆ ತಕರಾರಿಲ್ಲ. ಆದರೆ ಅಲ್ಲಿ ಅಳೆದದ್ದು ಸಿದ್ಧವಾದ ಬರಹವನ್ನು, ಬರೆದವರ ಕಲಿಕೆಯನ್ನಲ್ಲ. ಯಂತ್ರವು ಬಹುಮಟ್ಟಿಗೆ ಕೌಶಲಕ್ಕೆ ಪೂರಕವಾಗದೆ ಶ್ರಮದ ಜಾಗವನ್ನೇ ತುಂಬುತ್ತದೆ ಎಂದು ಪ್ರಕಟಣಪೂರ್ವ ಕರಡಿನಲ್ಲಿ ಲೇಖಕರೇ ಹೇಳಿದ್ದರೂ ತರಗತಿಯ ಉತ್ಸಾಹಿಗಳು ಆ ಮಾತನ್ನು ಕೇಳಿಸಿಕೊಂಡಂತಿಲ್ಲ.

ಈ ಪಲ್ಲಟ ನಡೆಯುವ ಬಗೆಯನ್ನು 'ಇದನ್ನು ವೃತ್ತಿಪರವಾಗಿಸು' ಎಂಬ ಒಂದೇ ಕೋರಿಕೆಯಲ್ಲಿ ಕಾಣಬಹುದು. 'ಬಿಡಿಭಾಗ ತರಿಸಲು ನಾವು ತಡಮಾಡಿದೆವು, ಶುಕ್ರವಾರ ಆಗುವುದಿಲ್ಲ, ಮಂಗಳವಾರ ಕೊಡುತ್ತೇವೆ' ಎಂಬ ಒರಟು ಕರಡನ್ನು ವಿದ್ಯಾರ್ಥಿಯೊಬ್ಬ ಯಂತ್ರಕ್ಕೆ ಒಪ್ಪಿಸಿದನೆಂದು ಭಾವಿಸಿದರೆ, ಮರಳಿ ಬರುವ ಪತ್ರವು ಕುಶಲಪ್ರಶ್ನೆಯಿಂದ ತೊಡಗಿ, 'ಪೂರೈಕೆಯಲ್ಲಿ ಉಂಟಾದ ಅನಿರೀಕ್ಷಿತ ವಿಳಂಬದಿಂದಾಗಿ' ಎಂದು ಮುಂದುವರಿದು, ಸಹಕಾರಕ್ಕೆ ಧನ್ಯವಾದ ಹೇಳಿ ಮುಗಿಯುವ ಸಾಧ್ಯತೆಯೇ ಹೆಚ್ಚು. ವ್ಯಾಕರಣ ಸರಿಹೋಯಿತು, ವಿನಯವೂ ಬಂತು. ಆದರೆ 'ನಾವು' ಎಂಬ ಕರ್ತೃಪದ ಕಳಚಿಬಿದ್ದು ವಿಳಂಬವು ಯಾರೂ ಮಾಡದೆ ತಾನಾಗಿಯೇ ಉಂಟಾಯಿತು. ತಪ್ಪನ್ನು ಒಪ್ಪಬೇಕೇ, ಒಪ್ಪಿದರೆ ಕರಾರಿನ ದಂಡ ತಗಲುವುದೇ, ಗ್ರಾಹಕನಿಗೆ ಈಗ ಬೇಕಿರುವುದು ಕ್ಷಮೆಯೋ ದಿನಾಂಕವೋ ಎಂಬ ತೀರ್ಮಾನಗಳೇ ಕಚೇರಿ ಬರವಣಿಗೆಯ ತಿರುಳು. ಕರ್ತೃವನ್ನು ಮರೆಸುವುದು ಕೆಲವೊಮ್ಮೆ ಜಾಣತನವೇ ಇರಬಹುದು. ಆ ಜಾಣತನ ವಿದ್ಯಾರ್ಥಿಯದಲ್ಲ ಎಂಬುದಷ್ಟೇ ತೊಡಕು. ಯೋಚನೆ ವಿದ್ಯಾರ್ಥಿಯದು, ಮಾತು ಯಂತ್ರದ್ದು ಎಂಬ ಸಮರ್ಥನೆಯೂ ನಿಲ್ಲುವುದಿಲ್ಲ; ಯೋಜಿಸುವುದು, ಮಾತಿಗಿಳಿಸುವುದು, ತಿದ್ದುವುದು ಒಂದರೊಳಗೊಂದು ನಡೆಯುವ ಕ್ರಿಯೆಗಳೆಂದು ಲಿಂಡಾ ಫ್ಲವರ್ ಮತ್ತು ಜಾನ್ ಹೇಯ್ಸ್ 1981ರಲ್ಲೇ ವಿವರಿಸಿದ್ದಾರೆ.

ಬರೆದುಕೊಡಲು ಕೇಳದೆ, ಸಿಟ್ಟಿಗೆದ್ದ ಗ್ರಾಹಕನಂತೆ ಕರಡನ್ನು ಪ್ರಶ್ನಿಸಲು ಯಂತ್ರಕ್ಕೆ ಹೇಳಿದರೆ ಅದರಿಂದ ಉಪಯೋಗವಿದೆ ಎಂಬುದನ್ನು ಒಪ್ಪಬಹುದು.

ಇನ್ನು ಯಂತ್ರವನ್ನೇ ನಿಷೇಧಿಸಬೇಕೆನ್ನುವ ವಿಮರ್ಶಕರು ಉತ್ಸಾಹಿಗಳಿಗಿಂತ ಹೆಚ್ಚು ಆಳಕ್ಕೇನೂ ಇಳಿದಿಲ್ಲ. ಅವರ ಭರವಸೆಯೆಲ್ಲ ಪತ್ತೆ ತಂತ್ರಾಂಶಗಳ ಮೇಲೆ. ಓಪನ್‌ಎಐ ತನ್ನದೇ ಪರೀಕ್ಷೆಯಲ್ಲಿ ಯಂತ್ರಬರಹದ ಶೇ. 26ರಷ್ಟನ್ನು ಮಾತ್ರ ಗುರುತಿಸಿದ್ದ ಅಂಥದೊಂದು ಸಾಧನವನ್ನು, ನೋಯ್ ಮತ್ತು ಝಾಂಗ್ ಅವರ ಲೇಖನ ಹೊರಬಂದ ತಿಂಗಳಲ್ಲೇ, ನಿಖರತೆ ಸಾಲದೆಂದು ಹಿಂತೆಗೆದುಕೊಂಡಿತು. ಬರೆದವರು ಯಾರೆಂದು ಹುಡುಕುವ ಭರದಲ್ಲಿ, ತೀರ್ಮಾನಿಸಿದವರು ಯಾರೆಂಬ ಪ್ರಶ್ನೆ ಇವರಿಗೂ ಎದುರಾಗುವುದಿಲ್ಲ. ನಮೂನೆಗೂ ಕಾಗುಣಿತಕ್ಕೂ ಅಂಕ ಹಂಚುವ ಮೌಲ್ಯಮಾಪನದಲ್ಲಿ, ಯಂತ್ರ ಬರುವುದಕ್ಕೆ ಬಹಳ ಮುಂಚಿನಿಂದಲೂ, ತಾನಾಗಿ ಉಂಟಾದ ವಿಳಂಬದ ಪತ್ರಕ್ಕೇ ಪೂರ್ಣಾಂಕ ಸಲ್ಲುತ್ತಿತ್ತು.