ಗೆದ್ದವನು ತೆತ್ತ ಬೆಲೆ

ಸಮಬಲರಾದ ಇಬ್ಬರು ಕಥೆಯುದ್ದಕ್ಕೂ ಒಬ್ಬರನ್ನೊಬ್ಬರು ಅಳೆದು ನೋಡಿ, ಕೊನೆಗೊಮ್ಮೆ ಎದುರುಬದುರಾಗಿ ನಿಲ್ಲುವ ಕಾಳಗ ಜಪಾನಿನ ಅನಿಮೆಯ ಹೃದಯದಂತಿದೆ. ಈ ಪರಂಪರೆಗೆ ಅರ್ಧ ಶತಮಾನ ದಾಟಿತು. ಯಾರು ಗೆದ್ದರು, ಯಾರ ವರಸೆ ದೊಡ್ಡದು ಎಂಬ ಚರ್ಚೆ ಅಭಿಮಾನಿಗಳಲ್ಲಿ ಎಂದೂ ಮುಗಿಯುವುದಿಲ್ಲ. ವಿಮರ್ಶಕ ಕೇಳಬೇಕಾದ ಪ್ರಶ್ನೆ ಬೇರೆ: ಗೆದ್ದವನು ಏನು ತೆತ್ತ? ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ, ಪರಂಪರೆಯ ಅತ್ಯುತ್ತಮ ಕಾಳಗ ಅದರ ಆರಂಭದ ವರ್ಷಗಳಲ್ಲೇ ಬಂದುಹೋಯಿತು ಎಂಬುದು ನನ್ನ ನಂಬಿಕೆ.

'ಅಶಿತಾ ನೊ ಜೋ' 1968ರಿಂದ 1973ರವರೆಗೆ ವಾರಪತ್ರಿಕೆಯಲ್ಲಿ ಬಂದ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. ಕಥೆ ಇಕ್ಕಿ ಕಾಜಿವಾರಾ ಅವರದು, ಚಿತ್ರಗಳು ತೆತ್ಸುಯಾ ಚಿಬಾ ಅವರವು. 1970ರಲ್ಲಿ ಒಸಾಮು ದೆಜಾಕಿ ಅದನ್ನು ಟಿವಿಗೆ ತಂದಾಗ ಅವರಿಗಿನ್ನೂ 26 ವರ್ಷ. ದಿಕ್ಕಿಲ್ಲದ ಹುಡುಗ ಜೋ ಬಾಲಾಪರಾಧಿಗಳ ಜೈಲಿನಲ್ಲಿ ರಿಕೀಶಿ ಎಂಬ ಬಾಕ್ಸರನಿಗೆ ಎದುರಾಗುತ್ತಾನೆ. ಅಲ್ಲಿ ಶುರುವಾದ ಹಗೆ ಹೊರಗಿನ ರಿಂಗಿನಲ್ಲಿ ತೀರ್ಮಾನವಾಗಬೇಕು. ಆದರೆ ಚಿಬಾ ಮೊದಲೇ ರಿಕೀಶಿಯನ್ನು ಜೋಗಿಂತ ಬಹಳ ಎತ್ತರದ ಆಳಾಗಿ ಬರೆದುಬಿಟ್ಟಿದ್ದರು. ಬಾಕ್ಸಿಂಗಿನಲ್ಲಿ ತೂಕ ಹೊಂದದವರು ಕಾದುವಂತಿಲ್ಲ. ಹಾಗಾಗಿ ರಿಕೀಶಿ ಮೈ ಕರಗಿಸಿಕೊಂಡು ಜೋನ ತೂಕಕ್ಕೆ ಇಳಿಯಬೇಕಾಯಿತು. ಚಿತ್ರಕಾರನ ಕೈಯಿಂದಾದ ಒಂದು ಆಕಸ್ಮಿಕ ಇಡೀ ಕಥೆಯ ದುರಂತಕ್ಕೆ ಬೀಜವಾಯಿತು.

ಆ ಇಳಿಕೆಯ ಕಂತುಗಳು ಕಾಳಗಕ್ಕಿಂತ ಭಯಂಕರ. ಅನ್ನವಿಲ್ಲ, ಕೊನೆಕೊನೆಗೆ ನೀರೂ ಇಲ್ಲ. ಬಾಯಾರಿಕೆ ತಡೆಯಲಾರದೆ ರಿಕೀಶಿ ರಾತ್ರಿ ಎದ್ದು ನಲ್ಲಿಯತ್ತ ತೆವಳಿದರೆ, ಎಲ್ಲ ನಲ್ಲಿಗಳಿಗೂ ತಂತಿ ಬಿಗಿದಿದೆ. ಅವನ ಬಾಕ್ಸಿಂಗ್ ಜಿಮ್ಮಿಗೆ ಸೇರಿದ ಯುವತಿ ಯೋಕೊ ಕರುಣೆಯಿಂದ ಒಂದು ಲೋಟ ಬಿಸಿನೀರು ಕೊಡುತ್ತಾಳೆ. ಅವನು ಅವಳಿಗೆ ಕೃತಜ್ಞತೆ ಹೇಳಿ ಆ ನೀರನ್ನು ನೆಲಕ್ಕೆ ಚೆಲ್ಲುತ್ತಾನೆ. ರಿಂಗಿಗೆ ಹತ್ತುವ ಮೊದಲೇ ಯುದ್ಧದ ಅರ್ಧ ಭಾಗ ಮುಗಿದಿರುತ್ತದೆ. ಪಂದ್ಯ ಗೆಲ್ಲುವವನು ರಿಕೀಶಿಯೇ. ಗೆದ್ದು, ಸೋತ ಜೋ ಕೈಕುಲುಕಲು ಬಂದಾಗ ಅಲ್ಲೇ ಕುಸಿದು ಸಾಯುತ್ತಾನೆ.

ಓದುಗರು ಇದನ್ನು ಕಾಗದದ ಸಾವೆಂದು ಬಗೆಯಲಿಲ್ಲ. ಅನಿಮೆ ಪ್ರಸಾರ ಆರಂಭವಾಗುವ ಮೊದಲೇ, 1970ರ ಮಾರ್ಚ್‌ನಲ್ಲಿ, ಕವಿ ಮತ್ತು ನಾಟಕಕಾರ ಶೂಜಿ ತೆರಯಾಮಾ ಮುಂದೆ ನಿಂತು ರಿಕೀಶಿಗೆ ನಿಜವಾದ ಅಂತ್ಯಸಂಸ್ಕಾರದ ಸಭೆ ನಡೆಸಿದರು. ಸುಮಾರು 700 ಜನ ಸೇರಿದ್ದರು. ಕಥೆಯಲ್ಲೂ ಈ ಸಾವಿನ ಋಣ ಬೇಗ ತೀರುವುದಿಲ್ಲ. ಮುಂದೆ ಎದುರಾಳಿಯ ಮುಖಕ್ಕೆ ಹೊಡೆಯಲು ಜೋಗೆ ಕೈಯೇ ಬರುವುದಿಲ್ಲ. ಹೊಡೆದರೆ ರಿಂಗಿನಲ್ಲೇ ವಾಂತಿಯಾಗುತ್ತದೆ. ಒಂದು ಕಾಳಗದ ನೋವು ಮುಂದಿನ ಎಲ್ಲ ಕಾಳಗಗಳೊಳಕ್ಕೂ ಹರಿಯುವುದು ಹೀಗೆ. ದೆಜಾಕಿ ಬೆಳೆಸಿದ ಶೈಲಿಯೂ ಇದಕ್ಕೆ ಒದಗಿಬಂತು. ಆ ಕಾಲದ ಟಿವಿ ಅನಿಮೆಗೆ ಹಣವೂ ಕಡಿಮೆ, ಬರೆಯಬಹುದಾದ ಚಿತ್ರಗಳೂ ಕಡಿಮೆ. ಅವರು ನಿರ್ಣಾಯಕ ಗಳಿಗೆಯಲ್ಲಿ ಚಲನೆಯನ್ನು ನಿಲ್ಲಿಸಿ, ಆ ದೃಶ್ಯವನ್ನು ಒರಟು ಗೆರೆಗಳ ವರ್ಣಚಿತ್ರವಾಗಿಸಿದರು. ಬಡತನದಿಂದ ಹುಟ್ಟಿದ ಈ ಉಪಾಯ ಇಂದಿಗೂ ಅನಿಮೆಯ ವ್ಯಾಕರಣದ ಭಾಗವಾಗಿ ಉಳಿದಿದೆ.

ಅಕಿರಾ ತೊರಿಯಾಮಾ ಅವರ 'ಡ್ರ್ಯಾಗನ್ ಬಾಲ್' (1984–1995) ಬಂದ ಮೇಲೆ ಈ ಪರಂಪರೆ ಜಗತ್ತನ್ನೇ ಗೆದ್ದಿತು. ಅಲ್ಲೇ ಅದರ ಮೈಯ ಭಾರವೂ ಕರಗತೊಡಗಿತು. ಗೊಕು ಮತ್ತು ಪಿಕ್ಕೊಲೊ ಸಮರಕಲೆಯ ಪಂದ್ಯಾವಳಿಯ ಅಂತಿಮದಲ್ಲಿ ಸೆಣಸುವಾಗ ಇನ್ನೂ ಎಲುಬು ಮುರಿಯುತ್ತದೆ. ಕೈಕಾಲು ಕಳೆದುಕೊಂಡವನಂತೆ ಬಿದ್ದ ಗೊಕು ತಲೆಯನ್ನೇ ಆಯುಧ ಮಾಡಿಕೊಂಡು ಹಾರಿ ಗೆಲ್ಲುತ್ತಾನೆ, ಗೆದ್ದ ಮೇಲೆ ವೈರಿಗೆ ಪ್ರಾಣ ಉಳಿಸುವ ಕಾಳು ತಿನ್ನಿಸುತ್ತಾನೆ. ಅದ್ಭುತ ಕಾಳಗ ಅದು. ಆದರೆ ಮುಂದೆ ಬರುವ ಖಳ ಫ್ರೀಜಾನ ಹೊತ್ತಿಗೆ ಕೈಯಿಂದ ಹೊಮ್ಮುವ ಬೆಳಕೇ ಎಲ್ಲವೂ ಆಗಿದೆ. ಕಾಳಗ ನಡೆಯುತ್ತಿರುವ ಗ್ರಹವೇ ಇನ್ನೈದು ನಿಮಿಷದಲ್ಲಿ ಸಿಡಿಯುತ್ತದೆ ಎಂದು ಫ್ರೀಜಾ ಹೇಳಿದ ಮೇಲೂ ಕಾಳಗ ಹತ್ತಿರಹತ್ತಿರ ಹತ್ತು ಕಂತು ನಡೆಯುತ್ತದೆ. ವಾರವಾರ ಬರುವ ಮಾಂಗಾವನ್ನು ಟಿವಿ ಹಿಂದಿಕ್ಕದಂತೆ ಕಥೆಯನ್ನು ಎಳೆಯಬೇಕಿತ್ತು. ಕಾರಣ ಅರ್ಥವಾಗುತ್ತದೆ, ಆದರೂ ಕಲೆಗೆ ಆದ ನಷ್ಟ ನಷ್ಟವೇ.

ಮಸಾಶಿ ಕಿಶಿಮೊಟೊ ಅವರ 'ನರುಟೊ' ಈ ಭಾರವನ್ನು ಮರಳಿ ತಂದಿತು, ಪೂರ್ತಿಯಾಗಿ ಅಲ್ಲದಿದ್ದರೂ. ನರುಟೊ ಮತ್ತು ಸಾಸುಕೆ ಜಲಪಾತದ ಕಣಿವೆಯಲ್ಲಿ ಮೊದಲು ಕಾದುವಾಗ ಇಬ್ಬರೂ ಅನಾಥ ಹುಡುಗರು. ಹೊಡೆತಗಳ ನಡುವೆ ಅವರು ಇಷ್ಟೊಂದು ಮಾತಾಡುತ್ತಾರಲ್ಲ ಎಂದು ಹಲವರು ದೂರುತ್ತಾರೆ. ಯಕ್ಷಗಾನದ ಕಾಳಗ ನೋಡಿ ಬೆಳೆದವರಿಗೆ ಈ ದೂರು ವಿಚಿತ್ರವೆನಿಸೀತು: ವಾದವೇ ಅಲ್ಲಿ ಯುದ್ಧದ ಮೊದಲ ಏಟು. ಅದೇ ಕಣಿವೆಯ ಕೊನೆಯ ಕಾಳಗ 2016ರಲ್ಲಿ ತೆರೆಗೆ ಬಂತು. ಬೆಟ್ಟದೆತ್ತರದ ದೈತ್ಯಾಕೃತಿಗಳ ಗುದ್ದಾಟ ನನಗೆ ಬೇಸರ ತಂದಿತು. ಆ ಶಕ್ತಿಯೆಲ್ಲ ಸೋರಿಹೋಗಿ, ಇಬ್ಬರೂ ನಿಲ್ಲಲಾರದೆ ತೂರಾಡುತ್ತ ಬರಿಗೈಯಲ್ಲಿ ಗುದ್ದಿಕೊಳ್ಳುವ ಭಾಗ ಮಾತ್ರ ಅಪ್ಪಟ ಚಿನ್ನ. ಒಬ್ಬೊಬ್ಬರೂ ಒಂದೊಂದು ತೋಳು ಕಳೆದುಕೊಂಡು ಮಲಗಿದಾಗ ಗೆಲುವಿನ ಬೆಲೆ ಮತ್ತೆ ಕಣ್ಣಿಗೆ ಕಾಣುತ್ತದೆ.

ಪರಂಪರೆಯನ್ನು ಒಳಗಿನಿಂದಲೇ ಪ್ರಶ್ನಿಸಿದ ಕೃತಿ ಯೋಶಿಹಿರೊ ತೊಗಾಶಿ ಅವರ 'ಹಂಟರ್ ಹಂಟರ್'. ದಿನಕ್ಕೆ ಹತ್ತು ಸಾವಿರ ಸಲ ಕೈಮುಗಿದು ಗುದ್ದಿ ಪಳಗಿದ ಮುದುಕ ನೆತೆರೊ, ಇರುವೆಗಳ ರಾಜ ಮೆರುಯೆಮ್‌ನ ಮುಂದೆ ಸೋಲುತ್ತಾನೆ. ಆಮೇಲೆ ತನ್ನ ಎದೆಯೊಳಗಿಟ್ಟ ಬಾಂಬನ್ನು ಸಿಡಿಸುತ್ತಾನೆ. ಒಂದು ಜನ್ಮದ ಸಾಧನೆ ಮಾಡಲಾಗದ್ದನ್ನು ಒಂದು ಅಗ್ಗದ ಬಾಂಬು ಮಾಡಿಮುಗಿಸುತ್ತದೆ. ಸಮರಕಲೆಯ ಹಿರಿಮೆಯನ್ನು ಹಾಡಿದ ಕಲಾಪ್ರಕಾರವೊಂದು ತನ್ನ ಬಗ್ಗೆ ತಾನೇ ಹೇಳಿಕೊಂಡ ಇಷ್ಟು ಕಹಿಯಾದ ಸತ್ಯವನ್ನು ನಾನು ಬೇರೆಡೆ ಕಂಡಿಲ್ಲ.

ಮೆಚ್ಚುವಷ್ಟನ್ನು ಮೆಚ್ಚಿದ ಮೇಲೂ ಈ ಪರಂಪರೆಯ ದೊಡ್ಡ ಕೊರತೆಯನ್ನು ಹೇಳಲೇಬೇಕು. ಯೋಕೊ ಬಾಕ್ಸಿಂಗ್ ಜಿಮ್ ನಡೆಸಬಲ್ಲಳು, ಪಂದ್ಯ ಏರ್ಪಡಿಸಬಲ್ಲಳು; ಆದರೂ ಕಾಳಗದ ಅರ್ಥ ಗಂಡಸರಿಬ್ಬರ ನಡುವೆಯೇ ಉಳಿಯುತ್ತದೆ. ಅದಾಗಿ ನಾಲ್ಕು ದಶಕ ಕಳೆದರೂ ಬದಲಾದದ್ದು ಅಲ್ಪ. 'ನರುಟೊ'ದಲ್ಲಿ ನೆಲ ಬಿರಿಯುವಂತೆ ಗುದ್ದಬಲ್ಲ ಜೊತೆಗಾತಿ ಸಕುರಾಳನ್ನು ಕೊನೆಯ ಕಾಳಗಕ್ಕೆ ಮೊದಲು ಸಾಸುಕೆ ಮಾಯೆಯಿಂದ ಪ್ರಜ್ಞೆ ತಪ್ಪಿಸಿ ಬದಿಗೆ ಮಲಗಿಸುತ್ತಾನೆ. ಕಥೆಗಾರನಿಗೆ ಅವಳೊಂದಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸೋತವನ ನೋವನ್ನೂ ಗೆದ್ದವನ ಸಂಕಟವನ್ನೂ ಇಷ್ಟು ಸೂಕ್ಷ್ಮವಾಗಿ ಅರಿತ ಕಲೆ, ಇಬ್ಬರು ಹೆಣ್ಣುಗಳ ನಡುವೆ ರಿಕೀಶಿ–ಜೋ ಕಾಳಗಕ್ಕೆ ಸಾಟಿಯಾದ ಒಂದನ್ನು ಇನ್ನೂ ಕೊಟ್ಟಿಲ್ಲ.