ಒಂದೇ ಕಂಪ್ಯೂಟರಿನಲ್ಲಿ ಹತ್ತು ಮಂದಿಯ ಅಂಗಡಿ

ಹರಪನಹಳ್ಳಿಯ ಹಳೆಯ ವ್ಯಾಪಾರಿಯೊಬ್ಬರ ಕಾಗದಪತ್ರ ಹರವಿದರೆ ಮೂರು ಜಿಲ್ಲೆಗಳ ಹೆಸರು ಸಿಕ್ಕರೂ ಅಚ್ಚರಿಯಿಲ್ಲ. 1997ರಲ್ಲಿ ಈ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಆಧಾರ್‌ನಲ್ಲಿ ದಾವಣಗೆರೆ, ಜಿಎಸ್‌ಟಿ ಪತ್ರದಲ್ಲಿ ಬಳ್ಳಾರಿ, ಪುರಸಭೆಯ ಪರವಾನಗಿಯಲ್ಲಿ ವಿಜಯನಗರ ಎಂದಿದ್ದರೆ ಅದರಲ್ಲಿ ಮೋಸವೇನೂ ಇಲ್ಲ. ಆತ ಮನೆ ಬದಲಿಸಿಲ್ಲ, ಸರ್ಕಾರ ಜಿಲ್ಲೆ ಬದಲಿಸಿದೆ. ಆದರೆ ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಮಾರಾಟದ ಖಾತೆ ತೆರೆಯುವಾಗ ಈ ಪತ್ರಗಳೇ ಗುರುತು. ಯಾವ ಖಾತೆ ಯಾರದು, ಎರಡು ಖಾತೆಗಳ ಹಿಂದೆ ಒಬ್ಬನೇ ಇದ್ದಾನೆಯೇ ಎಂಬುದನ್ನು ಅಲ್ಲಿ ಯಂತ್ರವೇ ಮೊದಲು ತೀರ್ಮಾನಿಸುತ್ತದೆ.

ಆ ತೀರ್ಮಾನದ ಭಯದಿಂದ ಹುಟ್ಟಿದ ಪದ್ಧತಿಯೊಂದಿದೆ. ಪ್ರತಿ ಮಾರಾಟ ಖಾತೆಗೂ ಬ್ರೌಸರಿನಲ್ಲಿ ಬೇರೆ ಬೇರೆ ಆವರಣ ಕಟ್ಟಿಕೊಂಡು, ಒಂದರ ಸುಳಿವು ಇನ್ನೊಂದಕ್ಕೆ ತಾಗದಂತೆ ಕೆಲಸ ಮಾಡುವುದು. ಜಗತ್ತಿನ ಆನ್‌ಲೈನ್ ಮಾರಾಟಗಾರರಲ್ಲಿ ಇದು ಹಳೆಯ ರೂಢಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಯಂಥ ಊರುಗಳಲ್ಲಿ ಇದರ ಅಗತ್ಯ ಬೀಳುವ ಕಾರಣವೇ ಬೇರೆ.

ಬಸ್ ಸ್ಟ್ಯಾಂಡ್ ಪಕ್ಕದ ಕಂಪ್ಯೂಟರ್ ಸೆಂಟರ್ ಒಂದನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಪಹಣಿ, ಪಾನ್ ಕಾರ್ಡು, ಪರೀಕ್ಷೆಯ ಅರ್ಜಿ ನೋಡಿಕೊಳ್ಳುವ ಹುಡುಗನೇ ಸೀರೆ ಅಂಗಡಿಯ ಮೀಶೋ ಖಾತೆಯನ್ನೂ, ಶೇಂಗಾ ಚಟ್ನಿಪುಡಿ ಮಾಡುವ ಸಂಘದ ಅಮೆಜಾನ್ ಖಾತೆಯನ್ನೂ, ತಾಂಡಾದ ಕಸೂತಿಯ ಖಾತೆಯನ್ನೂ ನಡೆಸುತ್ತಾನೆ. ಲಾಗಿನ್ ಒತ್ತಿ ಫೋನ್ ಹಚ್ಚುತ್ತಾನೆ: “ಅಕ್ಕಾ, ಓಟಿಪಿ ಬಂದೈತಿ ನೋಡ್ರಿ, ಲಗೂನ ಹೇಳ್ರಿ.” ಆ ಕಡೆ ಅಕ್ಕ ಆರು ಅಂಕಿ ಓದುತ್ತಾಳೆ. ಮಾಲು ಬೇರೆ, ಮಾಲೀಕರು ಬೇರೆ, ಬ್ಯಾಂಕ್ ಖಾತೆ ಬೇರೆ. ಕಂಪ್ಯೂಟರ್ ಮಾತ್ರ ಒಂದು. ಪೂರ್ತಿ ಪ್ರಾಮಾಣಿಕವಾದ ಈ ಏರ್ಪಾಡೂ ದೂರದ ಸರ್ವರ್‌ಗೆ ಒಬ್ಬನೇ ಹತ್ತು ವೇಷ ಹಾಕಿದಂತೆ ಕಾಣಬಹುದು.

ಈ ಹುಡುಗನ ಮಟ್ಟಿಗೆ ಬ್ರೌಸರ್ ಪ್ರೊಫೈಲ್ ನಿಜಕ್ಕೂ ಒಳ್ಳೆಯ ಸಾಧನ. ಕ್ರೋಮ್‌ನಲ್ಲಿ ಒಂದೊಂದು ಖಾತೆಗೆ ಒಂದೊಂದು ಪ್ರೊಫೈಲ್ ಮಾಡಿದರೆ ಕುಕಿ, ಪಾಸ್‌ವರ್ಡ್, ಹಿಸ್ಟರಿ ಎಲ್ಲವೂ ಬೇರೆ ಬೇರೆ ಇರುತ್ತವೆ. ಫೈರ್‌ಫಾಕ್ಸ್‌ನ ಕಂಟೇನರ್ ಒಂದೇ ಕಿಟಕಿಯೊಳಗೆ ಟ್ಯಾಬ್‌ಗಳಿಗೆ ಬಣ್ಣ ಕೊಟ್ಟು ಕುಕಿಗಳನ್ನು ಬೇರ್ಪಡಿಸುತ್ತದೆ. ಎರಡಕ್ಕೂ ಕಾಸು ಬೇಕಿಲ್ಲ. ಮಂಡಿಯ ದಲಾಲರು ಒಬ್ಬೊಬ್ಬ ರೈತನಿಗೂ ಬೇರೆ ಲೆಕ್ಕದ ಪುಸ್ತಕ ಇಟ್ಟ ಹಾಗೆ ಇದು. ಸಂಘದ ಆರ್ಡರ್ ಸೀರೆ ಅಂಗಡಿಯ ಖಾತೆಯಲ್ಲಿ ಪ್ಯಾಕ್ ಆಗುವುದು, ಒಬ್ಬರ ಬೆಲೆ ಇನ್ನೊಬ್ಬರ ಪಟ್ಟಿಗೆ ಬೀಳುವುದು, ಇಂಥ ಎಡವಟ್ಟುಗಳು ಬಹುಪಾಲು ನಿಲ್ಲುತ್ತವೆ. ಇನ್‌ಕಾಗ್ನಿಟೋ ಕಿಟಕಿ ಈ ಕೆಲಸಕ್ಕೆ ಬಾರದು. ಮುಚ್ಚಿದ ಕೂಡಲೇ ಎಲ್ಲ ಅಳಿಸಿಹೋಗುವುದರಿಂದ ಮತ್ತೆ ಮತ್ತೆ ಓಟಿಪಿಗೆ ಅಕ್ಕನ ಫೋನು ಹಚ್ಚುವುದೇ ಕೆಲಸವಾಗುತ್ತದೆ.

ಪ್ರೊಫೈಲ್‌ನ ಶಕ್ತಿ ಅಷ್ಟಕ್ಕೇ ಮುಗಿಯುತ್ತದೆ. ಕುಕಿ ಇಲ್ಲದೆಯೂ ಬ್ರೌಸರನ್ನು ಗುರುತಿಸಬಹುದೆಂದು 2010ರಲ್ಲೇ ಪೀಟರ್ ಎಕರ್ಸ್‌ಲಿ ತೋರಿಸಿದರು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್‌ಗಾಗಿ ಅವರು ನಡೆಸಿದ ಪ್ರಯೋಗದಲ್ಲಿ ಸುಮಾರು 4.7 ಲಕ್ಷ ಬ್ರೌಸರ್‌ಗಳ ಪೈಕಿ ಶೇ 83.6ರಷ್ಟಕ್ಕೆ ಬೇರೆ ಯಾವುದಕ್ಕೂ ಹೊಂದದ ಗುರುತಿತ್ತು. ಪರದೆಯ ಅಳತೆ, ಕಂಪ್ಯೂಟರಿನಲ್ಲಿರುವ ಫಾಂಟ್‌ಗಳು, ಟೈಮ್‌ಝೋನ್ ಇವೆಲ್ಲ ಕೂಡಿ ಬೆರಳಚ್ಚಾಗುತ್ತವೆ. ಆ ಹುಡುಗ ಹತ್ತು ಪ್ರೊಫೈಲ್ ಮಾಡಿದರೂ ಪರದೆ ಒಂದೇ, ಹಾಕಿಕೊಂಡ ಕನ್ನಡ ಫಾಂಟ್‌ಗಳೂ ಅವೇ.

ಇದಕ್ಕೆ ಮದ್ದೆಂದು ಬಂದದ್ದು ಆ್ಯಂಟಿ-ಡಿಟೆಕ್ಟ್ ಬ್ರೌಸರ್. ಮಲ್ಟಿಲಾಗಿನ್, ಗೋಲಾಗಿನ್, ಆಡ್ಸ್‌ಪವರ್ ಮೊದಲಾದವು ಪ್ರತಿ ಆವರಣಕ್ಕೂ ಸುಳ್ಳು ಬೆರಳಚ್ಚು ಕೊಡುತ್ತವೆ; ಜೊತೆಗೆ ಪ್ರಾಕ್ಸಿ ಸೇರಿಸಿದರೆ ಐಪಿ ವಿಳಾಸವೂ ಬೇರೆ ಊರಿನದು. ಜಾಹೀರಾತು ಸಂಸ್ಥೆಗಳು, ಪರೀಕ್ಷಕರು ಇವನ್ನು ನ್ಯಾಯವಾಗಿ ಬಳಸುವುದುಂಟು. ತಾಲ್ಲೂಕು ಊರಿನ ಮಾರಾಟಗಾರರಿಗೆ ಮಾತ್ರ ಇದನ್ನು ಯಾರಾದರೂ ಶಿಫಾರಸು ಮಾಡಿದರೆ ಬೇಡವೆಂದು ಕಡ್ಡಿ ಮುರಿದಂತೆ ಹೇಳಬೇಕು.

ಮೊದಲ ಕಾರಣ ಸುರಕ್ಷತೆ. ಹತ್ತು ಮನೆಗಳ ದುಡಿಮೆಯ ಲಾಗಿನ್‌ಗಳನ್ನೆಲ್ಲ ಒಂದು ಹೊರದೇಶದ ತಂತ್ರಾಂಶದ ಕೈಗೆ ಕೊಡುವ ಕೆಲಸ ಇದು. 2025ರ ಜನವರಿಯಲ್ಲಿ ಆಡ್ಸ್‌ಪವರ್‌ಗೇ ಕನ್ನ ಬಿತ್ತು. ಅದರ ಮೂಲಕ ಬಳಕೆದಾರರ ಬ್ರೌಸರ್‌ಗಳಿಗೆ ಕೇಡಿನ ಎಕ್ಸ್‌ಟೆನ್ಷನ್ ನುಗ್ಗಿಸಿ ಕ್ರಿಪ್ಟೋ ಹಣ ದೋಚಿದರು. 2023ರ ಏಪ್ರಿಲ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಮುಚ್ಚಿಸಿದ ಜೆನೆಸಿಸ್ ಮಾರ್ಕೆಟ್‌ನಲ್ಲಿ ಜನರ ಕುಕಿ ಮತ್ತು ಬೆರಳಚ್ಚುಗಳೇ ಮಾರಾಟದ ಸರಕಾಗಿದ್ದವು. ಕದ್ದ ಗುರುತನ್ನು ತೊಟ್ಟುಕೊಳ್ಳಲು ಅಲ್ಲಿ ಪ್ರತ್ಯೇಕ ಬ್ರೌಸರನ್ನೂ ಕೊಡುತ್ತಿದ್ದರು.

ಎರಡನೆಯ ಕಾರಣ ಇನ್ನೂ ದೊಡ್ಡದು. ವೇದಿಕೆಗಳು ನೋಡುವುದು ಬ್ರೌಸರನ್ನಷ್ಟೇ ಅಲ್ಲ. ಪಾನ್, ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ಖಾತೆ, ಫೋನ್ ನಂಬರು, ಪಾರ್ಸೆಲ್ ಎತ್ತುವ ವಿಳಾಸ ಇವೆಲ್ಲ ಮಾಲೀಕನನ್ನು ತೋರಿಸುತ್ತವೆ. ಮಾಲೀಕರು ನಿಜವಾಗಿ ಬೇರೆಯಿದ್ದರೆ ಮುಖವಾಡ ಬೇಕಿಲ್ಲ. ಒಬ್ಬನೇ ಆಗಿದ್ದರೆ ಮುಖವಾಡ ಬಹಳ ದಿನ ನಿಲ್ಲುವುದಿಲ್ಲ. ನ್ಯಾಯವಾದ ಕಾರಣವಿದ್ದರೆ ಎರಡನೆಯ ಖಾತೆಗೆ ಅಮೆಜಾನ್ ನಿಯಮದಲ್ಲೇ ಅವಕಾಶವಿದೆ, ಆದರೆ ಎಲ್ಲ ಖಾತೆಗಳೂ ಚೊಕ್ಕವಾಗಿರಬೇಕು. ಒಂದಕ್ಕೆ ಬಿದ್ದ ಪೆಟ್ಟು ಉಳಿದವಕ್ಕೂ ತಗಲುತ್ತದೆ. 2021ರಲ್ಲಿ ಅಮೆಜಾನ್ ಹಣ ಕೊಟ್ಟು ವಿಮರ್ಶೆ ಬರೆಸಿದ ಆರೋಪದ ಮೇಲೆ ಸುಮಾರು 600 ಚೀನೀ ಬ್ರ್ಯಾಂಡ್‌ಗಳನ್ನು ಹೊರಗೆ ಹಾಕಿದಾಗ ಮುಚ್ಚಿದ ಖಾತೆಗಳು ಸುಮಾರು 3,000.

ಅಮಾನತಾದವನು ಬೇರೆ ಹೆಸರಲ್ಲಿ ಮರಳುವುದು, ಒಂದೇ ಮಾಲನ್ನು ನಾಲ್ಕು ಅಂಗಡಿಯ ಹೆಸರಲ್ಲಿ ತೋರಿಸಿ ಪೈಪೋಟಿಯಿದೆ ಎಂಬ ಭ್ರಮೆ ಹುಟ್ಟಿಸುವುದು ಕೊಳ್ಳುವವರಿಗೆ ಮಾಡುವ ವಂಚನೆ. ಮಾರಾಟಗಾರ ತಾನೇ ಗ್ರಾಹಕನಂತೆ ನಟಿಸಿ ವಿಮರ್ಶೆ ಬರೆಯುವುದನ್ನು 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ನಿಷೇಧಿಸಿವೆ.

ಈ ಭಾಗಕ್ಕೆ ಇಂಥ ವಂಚನೆಯ ಏಟು ನೇರವಾಗಿ ಬೀಳುತ್ತದೆ. ಕೂಡ್ಲಿಗಿಗೆ ಅಂಟಿಕೊಂಡಿರುವ ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಮಾನ್ಯತೆಯಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆ ಹೆಸರಿಗೆ ಬೆಲೆ ಬಂದದ್ದು ಸೂಜಿ ಹಿಡಿದ ಆ ಕೈಗಳಿಂದ. ಎಲ್ಲೋ ಕೂತು ಯಂತ್ರದ ಪ್ರಿಂಟನ್ನು ಹತ್ತು ಖಾತೆಗಳಲ್ಲಿ ‘ಲಂಬಾಣಿ’ ಎಂದು ಅಗ್ಗಕ್ಕೆ ಬಿಡುವವನಿಗೆ ಆ್ಯಂಟಿ-ಡಿಟೆಕ್ಟ್ ಬ್ರೌಸರ್ ಅನುಕೂಲ; ಒಂದೇ ಖಾತೆಯ ತಾಂಡಾದ ಅಕ್ಕ ಹುಡುಕಾಟದ ಪಟ್ಟಿಯಲ್ಲಿ ಕೆಳಕ್ಕೆ ಜಾರುತ್ತಾಳೆ.

ನೇರ ದಾರಿಗಳು ಈಗ ಮೊದಲಿಗಿಂತ ಅಗಲವಾಗಿವೆ. 2023ರ ಅಕ್ಟೋಬರ್ 1ರಿಂದ, ಮಿತಿಯೊಳಗಿನ ವಹಿವಾಟಿನ ಸಣ್ಣ ಮಾರಾಟಗಾರರು ಜಿಎಸ್‌ಟಿ ನೋಂದಣಿ ಇಲ್ಲದೆ ಬರೀ ಎನ್‌ರೋಲ್‌ಮೆಂಟ್ ಸಂಖ್ಯೆಯಿಂದ ರಾಜ್ಯದೊಳಗೆ ಸರಕು ಮಾರಬಹುದು. ಹೀಗಾಗಿ ಸಂಘದ ಸದಸ್ಯೆ ಬೇರೆಯವರ ಜಿಎಸ್‌ಟಿಯಡಿ ನುಸುಳಬೇಕಿಲ್ಲ, ತನ್ನ ಪಾನ್‌ನಲ್ಲೇ ಅಂಗಡಿ ತೆರೆಯಬಹುದು. ಎರಡು ಕಡೆ ವ್ಯಾಪಾರ ಮಾಡುವವರು ಒಂದೇ ಪಾನ್‌ಗೆ ರಾಜ್ಯದೊಳಗೆ ಬೇರೆ ಬೇರೆ ಜಿಎಸ್‌ಟಿ ನೋಂದಣಿಯನ್ನೂ ಪಡೆಯಬಹುದು.

ವೇದಿಕೆಗಳ ಮೇಲೂ ತಪ್ಪಿದೆ. ಒಂದೇ ಕಂಪ್ಯೂಟರಿನಿಂದ ಹತ್ತು ಖಾತೆ ನಡೆದರೆ ಅದನ್ನು ಅನುಮಾನಕ್ಕೆ ಸಾಕೆಂದು ಹಿಡಿಯುವ ಯಂತ್ರಕ್ಕೆ, ತಾಲ್ಲೂಕಿನಲ್ಲಿ ಕಂಪ್ಯೂಟರ್ ಬಲ್ಲವರು ಬೆರಳೆಣಿಕೆಯಷ್ಟು ಎಂಬ ಸಂಗತಿ ಗೊತ್ತಿಲ್ಲ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಸಾವಿರಾರು ಗ್ರಾಹಕರಿಗೆ ಹಂಚುವಾಗ ಐಪಿ ಹೊಂದಿಕೆಯನ್ನು ಸಾಕ್ಷಿಯೆಂದು ಹಿಡಿಯುವುದೂ ಅನ್ಯಾಯ. ಹರಪನಹಳ್ಳಿಯ ಮೂರು ಜಿಲ್ಲೆಗಳ ವಿಳಾಸವನ್ನು ಓದಿ ಅರ್ಥಮಾಡಿಕೊಳ್ಳಬಲ್ಲ ಮನುಷ್ಯನೊಬ್ಬ ಮೇಲ್ಮನವಿಯ ಆ ತುದಿಯಲ್ಲಿ ಇರಲೇಬೇಕು.

ಅಲ್ಲಿಯವರೆಗೆ ಸೆಂಟರಿನ ಹುಡುಗನ ಮುಂದಿರುವ ಸರಿಯಾದ ವ್ಯವಸ್ಥೆ ಅಮೆಜಾನ್ ಸೆಲ್ಲರ್ ಸೆಂಟ್ರಲ್‌ನಲ್ಲೇ ಇರುವ ‘ಯೂಸರ್ ಪರ್ಮಿಷನ್ಸ್’. ಮಾಲಕಿ ತನ್ನ ಇ-ಮೇಲ್, ತನ್ನ ಫೋನಿನಿಂದ ಖಾತೆ ತೆರೆಯುತ್ತಾಳೆ. ಹುಡುಗನಿಗೆ ಅವನದೇ ಹೆಸರಿನ ಲಾಗಿನ್ ಕೊಡುತ್ತಾಳೆ. ಆರ್ಡರ್ ನೋಡಲಿ, ಬೆಲೆ ತಿದ್ದಲಿ, ಬ್ಯಾಂಕ್ ವಿವರ ಮುಟ್ಟದಿರಲಿ ಎಂದು ಆಕೆಯೇ ಗೆರೆ ಎಳೆಯಬಹುದು. ಪಾಸ್‌ವರ್ಡ್ ಹಂಚುವ ಮಾತೇ ಇಲ್ಲ, ಓಟಿಪಿ ಕೇಳುವ ಫೋನೂ ಇಲ್ಲ. ಹುಡುಗ ನಾಳೆ ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಅವನ ಅನುಮತಿ ತೆಗೆದು ಇನ್ನೊಬ್ಬರಿಗೆ ಕೊಟ್ಟರಾಯಿತು. ಖಾತೆ, ಅದರ ರೇಟಿಂಗು, ಬರಬೇಕಾದ ಹಣ ಎಲ್ಲವೂ ಆಕೆಯ ಬಳಿಯೇ ಉಳಿಯುತ್ತವೆ.